ಎಂ ಅಂದರೆ ಮಾದಯ್ಯ

ಅಪ್ಪನ ಜೊತೆ ಕೊನೆಯ ಸಲ ಮಾತಾಡಿದ ದಿನ ನಾನು ಧಾರವಾಡದ ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತಿದ್ದೆ. ಹಳೆಯ ಫಾಂಟಿನಲ್ಲಿ ಟೈಪು ಮಾಡಿದ್ದ ಲೇಖನವನ್ನು ಯೂನಿಕೋಡಿಗೆ ತಿರುಗಿಸಿದಾಗ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿದ್ದವು. ಒಂದೊಂದನ್ನೇ ತಿದ್ದುತ್ತಿದ್ದೆ. ಆಗ ಫೋನು ಬಂತು.

“ಇವತ್ತೂ ರೊಟ್ಟಿನಾ?” ಎಂದು ಅಪ್ಪ ಕೇಳಿದ.

“ಹ್ಞೂಂ ಕನಪ್ಪ.”

“ತಿನ್ನು. ಮುದ್ದೆ ನಿನ್ನ ಬುಟ್ಟು ಎಲ್ಲೂ ಹೋಗಲ್ಲ.”

ಆಮೇಲೆ ಮಳೆ, ಹಸು, ಪಕ್ಕದ ಮನೆಯ ಮದುವೆ. ಮರುದಿನ ಬೆಳಿಗ್ಗೆ ಹಿತ್ತಲಿನಲ್ಲಿ ಕುಸಿದನಂತೆ. ನಾನು ಕೊಳ್ಳೇಗಾಲದ ಕಡೆಯ ನಮ್ಮ ಹೊಸಪಾಳ್ಯ ಮುಟ್ಟುವಷ್ಟರಲ್ಲಿ ಎಲ್ಲರೂ ನನಗಾಗಿ ಕಾಯುತ್ತಿದ್ದರು, ಮಣ್ಣು ಮಾಡಲು.

ಕಾರ್ಯ ಮುಗಿಸಿ ಧಾರವಾಡದ ಹತ್ತಿರದ ನವನಗರದ ಬಾಡಿಗೆ ಕೋಣೆಗೆ ವಾಪಸು ಬಂದೆ. ಓದು ಬಿಟ್ಟು ಬಾ ಎಂದು ನೆಂಟರೆಲ್ಲ ಹೇಳಿದ್ದರು. ಬಿಡಲಿಲ್ಲ.

ಈ ಊರಿಗೆ ಬಂದ ಮೊದಲ ದಿನವೇ ತಬ್ಬಿಬ್ಬಾಗಿದ್ದೆ. ಮನೆ ಮಾಲಕಿ ಶಾಂತಕ್ಕ ಹೆಸರು ಕೇಳಿದ್ದರು. “ಎಚ್. ಎಂ. ಭಾಗ್ಯ” ಎಂದಿದ್ದೆ.

“ಅಡ್ಡಹೆಸರೇನವಾ?”

“ಇಲ್ಲ.”

“ಇಲ್ಲಾ? ಹಂಗಾರ ನೀವು ಯಾರ ಮನಿಯವ್ರಂತ ಮಂದಿಗೆ ಹೆಂಗ ಗೊತ್ತಾಕ್ಕೈತಿ?”

ಅಡ್ಡಹೆಸರು ಅಂದರೆ ಮನೆತನದ ಹೆಸರು. ಇಲ್ಲಿ ಅದಿಲ್ಲದವರನ್ನು ನಾನು ಕಾಣೆ. ನನ್ನ ಜೊತೆ ಸಂಶೋಧನೆ ಮಾಡುವ ಗಬ್ಬೂರಿನ ಗೆಳತಿಯ ಹೆಸರು ಸವಿತಾ ಉಳ್ಳಾಗಡ್ಡಿ. ನಾವು ಈರುಳ್ಳಿ ಅನ್ನುವುದಕ್ಕೆ ಇಲ್ಲಿ ಉಳ್ಳಾಗಡ್ಡಿ ಅನ್ನುತ್ತಾರೆ. ಮೊದಲ ಸಲ ಕೇಳಿದಾಗ ನಕ್ಕಿದ್ದೆ. “ನಗು ನಗು. ನನಗರ ಉಳ್ಳಾಗಡ್ಡಿ ಐತಿ, ನಿನಗ ಬರೇ ಎರಡ ಚುಕ್ಕಿ ಅದಾವ” ಅಂದಿದ್ದಳು. ನಮ್ಮ ಕಡೆ ಆ ಚುಕ್ಕಿಗಳೇ ಸಾಕು. ಎಚ್ ಅಂದರೆ ಊರು, ಎಂ ಅಂದರೆ ಅಪ್ಪ.

ನಮ್ಮ ಕಡೆಯಿಂದ ಇಲ್ಲಿಗೆ ಓದಲು ಬರುವವರಿಗೆ ಒಂದೆರಡು ಮಾತು ಹೇಳಬೇಕು. ಮೊದಲ ದಿನದಿಂದಲೇ ಯೂನಿಕೋಡಿನಲ್ಲಿ ಬರೆಯಿರಿ. ಹಿಂದಿನವರ ಪಿಎಚ್.ಡಿ. ಪ್ರಬಂಧಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಅವನ್ನು ಕೊನೆಯ ಪುಟಗಳಿಂದ ಓದಲು ಶುರು ಮಾಡಿದರೆ ಯಾವ ಪುಸ್ತಕ ಹುಡುಕಬೇಕೆಂದು ತಿಳಿಯುತ್ತದೆ. ಓದಿದ್ದರ ವಿವರ ಕೂಡಿಟ್ಟು ಗ್ರಂಥಸೂಚಿಯನ್ನು ತಾನೇ ಜೋಡಿಸಿಕೊಡುವ ತಂತ್ರಾಂಶವಿದೆ, ಕಲಿಯಿರಿ. ಆದರೆ ಅದನ್ನು ಪೂರ್ತಿ ನಂಬಬೇಡಿ. ನಮ್ಮಂಥವರ ಹೆಸರು ಇಂಥ ತಂತ್ರಾಂಶಗಳಿಗೆ ತಿಳಿಯುವುದಿಲ್ಲ.

ನನಗೆ ಅದು ಗೊತ್ತಾದದ್ದು ಮೊದಲ ಲೇಖನದಿಂದ. ಅಮರಗೋಳದ ಮಾರುಕಟ್ಟೆಯಲ್ಲಿ ಕಾಳು ಹಸನು ಮಾಡುವ, ಅಂದರೆ ಮೊರದಲ್ಲಿ ಕೇರಿ ಕಸ ತೆಗೆಯುವ, ಹೆಂಗಸರ ಬಗ್ಗೆ ಬರೆದಿದ್ದೆ. ಒಂದು ಸಂಶೋಧನಾ ಪತ್ರಿಕೆ ಒಪ್ಪಿಕೊಂಡಿತು. ಅವರ ಜಾಲತಾಣದಲ್ಲಿ ಹೆಸರಿಗೊಂದು ಚೌಕ, ಮನೆತನದ ಹೆಸರಿಗೊಂದು ಚೌಕ. ಇನಿಷಿಯಲ್ ಹಾಕಿದರೆ ತೆಗೆದುಕೊಳ್ಳಲಿಲ್ಲ. ಖಾಲಿ ಬಿಟ್ಟರೆ ಮುಂದೆ ಹೋಗಲಿಲ್ಲ. ಚುಕ್ಕಿ ಇಟ್ಟು ಕಳಿಸಿದೆ. ಕರಡು ಬಂದಾಗ ಚುಕ್ಕಿಯ ಜಾಗದಲ್ಲೂ ನನ್ನ ಹೆಸರೇ ಕೂತು, ಲೇಖಕಿಯ ಹೆಸರು “ಭಾಗ್ಯ ಭಾಗ್ಯ” ಎಂದಾಗಿತ್ತು.

“ಎರಡೆರಡ ಭಾಗ್ಯ ಬಂತಲ್ಲ ತಗೋ, ಮತ್ತೇನ ಬೇಕ?” ಎಂದು ಸವಿತಾ ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿ, “ಹೊಸಪಾಳ್ಯದ ಅಂತ ಹಾಕು. ಇಲ್ಲೆ ಎಷ್ಟ ಮಂದಿ ಊರ ಹೆಸರನ್ನ ಅಡ್ಡಹೆಸರ ಮಾಡ್ಕೊಂಡಾರ” ಎಂದಳು.

ನನ್ನ ಮಾರ್ಗದರ್ಶಕಿ ಮೇಡಂ ಕೂಡ ಅದನ್ನೇ ಹೇಳಿದರು. “ಇಷ್ಟಕ್ಯಾಕ ಹಠ ಮಾಡ್ತಿಯವಾ? ಆ ಎಂ ಬಿಟ್ಟುಬಿಡು, ಮುಗೀತು.”

“ಆ ಎಂ ನಮ್ಮಪ್ಪ, ಮೇಡಂ. ಮಣ್ಣು ಮಾಡಿ ಬಂದಿದ್ದೀನಿ. ಇಲ್ಲೂ ನಾನೇ ಅಳಿಸ್ಬೇಕಾ?”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಹಂಗಾರ ಏನ ಬರೀತಿ?”

“ಮಾದಯ್ಯ. ಪೂರ್ತಿ.”

“ನಿನ್ನ ಮಾರ್ಕ್ಸ್ ಕಾರ್ಡಿನ್ಯಾಗ ಎಲ್ಲೂ ಹಂಗಿಲ್ಲ. ನಾಳೆ ಕೆಲಸಕ್ಕ ಹೋದಾಗ ಈ ಲೇಖನ ನಿಂದ ಹೌದೋ ಅಲ್ಲೋ ಅಂತ ಕೇಳ್ತಾರ. ಅಚ್ಚಾದ ಮ್ಯಾಲ ಬದಲಿ ಮಾಡಾಕ ಬರೂದಿಲ್ಲ.”

“ಕೇಳ್ಲಿ ಮೇಡಂ. ಕೇಳಿದಾಗೆಲ್ಲ ಹೇಳ್ತೀನಿ.”

“ಭಾಗ್ಯ ಮಾದಯ್ಯ” ಎಂದೇ ಅಚ್ಚಾಯಿತು, ಆಮೇಲೆ ಅವರಂದಂತೆಯೇ ಆಯಿತು. ಒಂದು ಕಾಲೇಜಿನ ಸಂದರ್ಶನದಲ್ಲಿ ನನ್ನ ಲೇಖನವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. “ಈ ಮಾದಯ್ಯ ಯಾರ್ರೀ?” ಎಂದರು. “ನಮ್ಮಪ್ಪ” ಎಂದೆ. ಎರಡೂ ಹೆಸರು ಒಬ್ಬರದೇ ಎಂದು ಪ್ರಮಾಣಪತ್ರ ಮಾಡಿಸಿ ತನ್ನಿ ಎಂದರು. ಕೆಲಸ ಬೇರೆಯವರಿಗೆ ಹೋಯಿತು. ಪ್ರಮಾಣಪತ್ರ ಮಾಡಿಸಿದೆ, ಅದರಲ್ಲೂ ಅಪ್ಪನ ಹೆಸರನ್ನು ಬಿಡಿಸಿಯೇ ಬರೆಸಿದೆ. ಎರಡನೆಯ ಲೇಖನವೂ ಅದೇ ಹೆಸರಿನಲ್ಲಿ ಬಂದಿದೆ.

ಕಳೆದ ವಾರ ಸವಿತಾ ತನ್ನ ಪ್ರಬಂಧದ ಗ್ರಂಥಸೂಚಿ ತೋರಿಸಿದಳು. ಮ ಅಕ್ಷರದ ಕೆಳಗೆ ನನ್ನ ಲೇಖನವಿತ್ತು, “ಮಾದಯ್ಯ, ಬಿ.” ಎಂದು. ಇಷ್ಟು ವರ್ಷ ಅಪ್ಪ ಒಂದಕ್ಷರವಾಗಿದ್ದ. ಈಗ ಒಂದಕ್ಷರವಾಗಿರುವವಳು ನಾನು. ಆ ಸಾಲನ್ನು ಬೆರಳಿಂದ ಮುಟ್ಟಿದೆ.

ಊರಿಗೆ ಹೋದರೆ ಚಿಕ್ಕಪ್ಪ, “ಅಡ್ಡೆಸ್ರು ಮಡಿಕಂಡಿದ್ದಿಯಂತೆ, ಆ ಕಡೆಯೋಳೇ ಆಗ್ಬುಟ್ಟೆ ಬುಡು” ಅನ್ನುತ್ತಾನೆ. ಇಲ್ಲಿ ಹೊಸಬರು, “ಮಾದಯ್ಯ ಅಂದ್ರ ಯಾವೂರ ಮನೆತನ?” ಎಂದು ಕೇಳುತ್ತಾರೆ. ಅದು ಮನೆತನವಲ್ಲ, ಮನುಷ್ಯ ಎನ್ನುತ್ತೇನೆ. ಎರಡೂ ಕಡೆ ಬಿಡಿಸಿ ಹೇಳಲು ನನಗೆ ಬೇಸರವಿಲ್ಲ. ಅಪ್ಪ ಎರಡೂ ಕಡೆ ಇಲ್ಲ, ಹೆಸರು ಹೇಳುವಷ್ಟು ಹೊತ್ತು ಇರುತ್ತಾನೆ.