ಮೆಲ್ಬರ್ನಿನ ಗಡಿಯಾರ, ನೈರೋಬಿಯ ಮೆಟ್ಟಿಲು

ನಾನು ಮೆಲ್ಬರ್ನ್ ನೋಡಿಲ್ಲ. ಆದರೂ ಆ ಪೇಟೆಯ ನಡುವೆ ಕಣ್ಣು ಕಟ್ಟಿ ಬಿಟ್ಟರೆ ದಾರಿ ಹೇಳಬಲ್ಲೆ. ಮಗಳಿಗೆ ಅಲ್ಲಿ ಓದಲು ಸೀಟು ಸಿಕ್ಕಿದ್ದೇ ತಡ, ನೈರೋಬಿಯ ಕಿಲಿಮಾನಿ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಭಾನುವಾರದ ಮಧ್ಯಾಹ್ನಗಳು ಆ ಊರಿಗೇ ಮೀಸಲಾದವು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಅಲ್ಲಿನ ಬೀದಿ ಅಲೆಯುತ್ತಿದ್ದೆ. ಶಾಲೆಯಲ್ಲಿ ಇತಿಹಾಸ ಹೇಳಿಕೊಡುವವಳು ನಾನು. ಹಳೇ ಕಟ್ಟಡ ಕಂಡರೆ ಸುಮ್ಮನಿರಲಾರೆ.

ಕಿಟಕಿಯಾಚೆ ಜಕರಂಡಾ ಹೂ ಉದುರುತ್ತಿದ್ದರೆ ನಾನು ಹಳದಿ ಬಣ್ಣದ ರೈಲು ನಿಲ್ದಾಣದ ಮುಂದೆ ನಿಂತಿರುತ್ತಿದ್ದೆ. ಬಾಗಿಲ ಮೇಲೆ ಸಾಲಾಗಿ ಗಡಿಯಾರಗಳು. ಆ ಊರಿನವರು ಒಬ್ಬರಿಗೊಬ್ಬರು ಕಾಯುವುದು ಅವುಗಳ ಕೆಳಗೇ ಅಂತೆ. ಅಲ್ಲಿಂದ ಗಾಜಿನ ಚಾವಣಿಯ ಅಂಗಡಿ ಸಾಲು, ಅದರೊಳಗೆ ತಾಸಿಗೊಮ್ಮೆ ಗಂಟೆ ಬಾರಿಸುವ ಇಬ್ಬರು ಮರದ ದೈತ್ಯರು. ಆಮೇಲೆ ಗುಮ್ಮಟದ ಗ್ರಂಥಾಲಯ, ಹಳೇ ಜೈಲು. ಟ್ರಾಮಿನ ಸದ್ದು ಕೂಡ ನನಗೆ ಕೇಳಿಸುತ್ತಿತ್ತು. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದು ಮಗಳಿಂದ ಪಾಠ ಒಪ್ಪಿಸಿಕೊಳ್ಳುತ್ತಿದ್ದೆ. ಆ ಊರಿನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ನನ್ನ ಮಗಳನ್ನು ಕರೆದೊಯ್ಯುವ ಊರನ್ನು ವಿಚಾರಿಸಿಕೊಳ್ಳದೆ ಬಿಡುವುದುಂಟೆ?

ಒಂದು ದಿನ ಅವಳು ನೋಟ್‌ಬುಕ್ ಮುಚ್ಚಿದಳು. ನಾನು ಕನ್ನಡದಲ್ಲಿ ಏನು ಕೇಳಿದರೂ ಅವಳ ಉತ್ತರ ಇಂಗ್ಲಿಷಿನಲ್ಲೇ.

“ಅಮ್ಮಾ, ದೇ ವಿಲ್ ಆಸ್ಕ್ ಮಿ ಅಬೌಟ್ ಮೈ ಸಿಟಿ. ವಾಟ್ ಡು ಐ ಸೇ? ದಿ ಮಾಲ್?”

ನೈರೋಬಿಗೆ ಬಂದು ಇಪ್ಪತ್ತೆರಡು ವರ್ಷ. ಇಲ್ಲಿನ ನಮ್ಮ ಜನ ಊರ ನಡುವಿನ ‘ಟೌನ್’ನಲ್ಲಿ ಇಳಿಯುವುದಿಲ್ಲ. ದಾಟಲೇಬೇಕಾದರೆ ಕಾರಿನ ಗಾಜು ಏರಿಸಿ, ಕೈಚೀಲವನ್ನು ಸೀಟಿನಡಿ ತಳ್ಳಿ, ದೇವರನ್ನು ನೆನೆಯುತ್ತ ದಾಟುತ್ತೇವೆ. ಹೊಸಬರಿಗೆ ಹಳಬರು ಮೊದಲು ಕಲಿಸುವುದೇ ಇದನ್ನು. ನಾನೂ ಕಲಿತೆ, ಎಷ್ಟೋ ಜನಕ್ಕೆ ಕಲಿಸಿದೆ. ಮಗಳಿಗೆ ಅವಳು ಹುಟ್ಟಿದ ಊರನ್ನೇ ಗಾಜಿನೊಳಗಿಂದ ತೋರಿಸಿದ್ದೆ. ದೀಪದ ಬುಡದಲ್ಲೇ ಕತ್ತಲೆ. ನಾಚಿಕೆಯಾಯಿತು.

“ಶನಿವಾರ ಟೌನಿಗೆ ಹೋಗೋಣ,” ಅಂದೆ.

“ತಲೆ ಕೆಟ್ಟಿದ್ಯಾ ನಿಂಗೆ? ಕಾರ್ ಎಲ್ಲಿ ನಿಲ್ಲಿಸ್ತೀಯ?” ಎಂದರು ನಮ್ಮ ಯಜಮಾನರು.

“ಮಟಾಟುನಲ್ಲಿ ಹೋಗ್ತೀವಿ. ನೀವು ಅನ್ನಕ್ಕಿಡಿ.”

ಹಾಡು ಕಿರುಚುತ್ತಿದ್ದ ಆ ಬಣ್ಣದ ವ್ಯಾನು ನಮ್ಮನ್ನು ಆರ್ಕೈವ್ಸ್ ಹತ್ತಿರ ಇಳಿಸಿತು. ಒಂದು ಕಾಲಕ್ಕೆ ಬ್ಯಾಂಕಾಗಿದ್ದು, ಈಗ ದೇಶದ ಹಳೇ ಕಾಗದಪತ್ರಗಳನ್ನು ಇಟ್ಟುಕೊಂಡಿರುವ ಕಲ್ಲಿನ ಕಟ್ಟಡ ಅದು. ಅದರ ಮುಂದೆ ಬೆಳಗಿನ ಬಿಸಿಲಲ್ಲಿ ಜನವೋ ಜನ. ಎಲ್ಲರೂ ಯಾರಿಗೋ ಕಾಯುತ್ತಿದ್ದರು. ನಾನು ಕನಸಿನಲ್ಲಿ ನಡೆದಂತೆ ನಡೆದೆ.

ಮೆಟ್ಟಿಲ ಬಳಿ ಪೇಪರು ಓದುತ್ತಿದ್ದ ಮುದುಕರೊಬ್ಬರು ತಲೆಯೆತ್ತಿ, “ಕರಿಬು ಕೆನ್ಯಾ! ಟೂರಿಸ್ಟ್?” ಎಂದು ಸ್ವಾಗತಿಸಿದರು.

“ಹಪಾನಾ. ಮಿಮಿ ನಿ ವಾ ಹಪಾ,” ಎಂದಳು ಮಗಳು. ಇಲ್ಲ, ನಾನು ಇಲ್ಲಿಯವಳು.

ಅವರು ನಕ್ಕು, “ನಾ ವೆವೆ, ಮಾಮಾ?” ಎಂದು ನನ್ನತ್ತ ತಿರುಗಿದರು. ನೀನು? ನಾನು ಕೈಚೀಲವನ್ನು ಎದೆಗವಚಿಕೊಂಡು ನಿಂತಿದ್ದೆ.

ಮಗಳು ಸುತ್ತ ಕಾಯುತ್ತಿದ್ದವರನ್ನು ನೋಡಿ, “ಅಮ್ಮಾ, ಸೇಮ್ ಆಸ್ ಯುವರ್ ಕ್ಲಾಕ್ಸ್!” ಎಂದಳು.

ಫೆಬ್ರವರಿಯಲ್ಲಿ ಅವಳು ಹೋದಳು. ಮೊದಲ ವಾರವೇ ಆ ಗಡಿಯಾರಗಳ ಕೆಳಗೆ ನಿಂತ ಫೋಟೊ ಬಂತು. ಹಿಂದೆಯೇ ಅವಳ ದನಿ, ತಡವರಿಸುವ ಕನ್ನಡದಲ್ಲಿ: “ಅಮ್ಮಾ, ಡಿಸೆಂಬರಲ್ಲಿ ಬರ್ತೀನಿ. ಏರ್‌ಪೋರ್ಟಿಗೆ ಬರ್ಬೇಡ. ಆರ್ಕೈವ್ಸ್ ಹತ್ರ ಸಿಗು.” ಅದನ್ನು ಎಷ್ಟು ಸಲ ಕೇಳಿದೆನೋ. ಅಳು ಕೂಡ ಬಂತು.

ಡಿಸೆಂಬರ್ ಇನ್ನೂ ದೂರವಿದೆ. ಆದರೂ ಕಳೆದ ಶನಿವಾರ ಒಬ್ಬಳೇ ಮಟಾಟು ಹತ್ತಿ ಹೋಗಿ ಆ ಮೆಟ್ಟಿಲ ಬಳಿ ನಿಂತೆ. ಪಕ್ಕದಲ್ಲಿ ಕಾಯುತ್ತಿದ್ದ ಹೆಂಗಸು ಗಡಿಯಾರ ನೋಡಿಕೊಂಡು, ಯಾರಿಗೆ ಕಾಯುತ್ತಿದ್ದೀರಿ ಎಂದು ಕೇಳಿದಳು.

“ಮಗಳಿಗೆ,” ಎಂದೆ ನನ್ನ ಹರಕು ಸ್ವಾಹಿಲಿಯಲ್ಲಿ. “ಬರೋದು ಸ್ವಲ್ಪ ತಡವಾಗುತ್ತೆ.”