ಭೂತಮ್ಮ ಯಾರಿಗೂ ಕೊಡದ ಹೆಪ್ಪು

ವನಗೂರಿನ ಕಡೆ ಒಂದು ಕಾಫಿ ಎಸ್ಟೇಟಿನ ಕೂಲಿಯವರ ಲೈನಿನಲ್ಲಿ ಭೂತಮ್ಮ ಎಂಬ ಹೆಂಗಸಿದ್ದಾಳೆ. ಆ ಹತ್ತು ಮನೆಗಳ ಸಾಲಿನಲ್ಲಿ ಅವಳಂಥ ಜಿಪುಣಿ ಇನ್ನೊಬ್ಬಳಿಲ್ಲ ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು. ಉಪ್ಪು ಕೇಳಿದರೆ ಕೊಟ್ಟಾಳು, ಸಾರು ಕೇಳಿದರೆ ಕೊಟ್ಟಾಳು, ಜ್ವರದ ಮನೆಗೆ ತಾನೇ ಗಂಜಿ ಕಾಯಿಸಿಕೊಂಡು ಹೋದಾಳು. ಆದರೆ ಹಾಲಿಗೆ ಬಿಡಲು ಒಂದು ಚಮಚ ಹೆಪ್ಪು ಕೇಳಿ ನೋಡಿ! “ಹುಳಿ ಬಂದ್ಬುಟ್ಟೈತೆ ಕಣೇ.” ಮತ್ತೊಂದು ದಿನ ಕೇಳಿದರೆ, “ಬೆಕ್ಕು ಬಾಯಿ ಹಾಕ್ಬುಡ್ತು ಕಣೇ.” ಎಂಜಲು ಕೈಯಲ್ಲಿ ಕಾಗೆ ಓಡಿಸದವಳು ಎಂದರು. ಎಲುಬಿಲ್ಲದ ನಾಲಿಗೆ, ಏನು ಬೇಕಾದರೂ ಅನ್ನುತ್ತದೆ. ಯಾಕಮ್ಮ ಹೀಗೆ ಎಂದು ಕೂತು ಕೇಳಿದವರು ಒಬ್ಬರೂ ಇಲ್ಲ.

ಇಪ್ಪತ್ತಾರು ವರ್ಷದ ಹಿಂದೆ ಅವಳಿಗೆ ಒಂದು ಹೆಣ್ಣು ಕೂಸು ಹುಟ್ಟಿತ್ತು. ಮೂರು ತಿಂಗಳು ತುಂಬಿತ್ತು. ಹೆಸರಿಡುವುದನ್ನು ಮಳೆ ಕಳೆಯಲಿ ಎಂದು ಮುಂದಕ್ಕೆ ಹಾಕಿದ್ದರು. ಆಷಾಢದಲ್ಲಿ ಶೀತ ಎದೆಗಿಳಿಯಿತು. ಗಂಡ ಗಿಡ್ಡಯ್ಯ ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಕಾಲು ಹಿಡಿದು ಜೀಪು ತಂದ. ಸಕಲೇಶಪುರಕ್ಕೆ ಹೊರಟವರು ಹೆತ್ತೂರು ಮುಟ್ಟುವಷ್ಟರಲ್ಲಿ ಕೂಸಿನ ಕೈಕಾಲು ತಣ್ಣಗಾಗಿದ್ದವು. ಭೂತಮ್ಮ ಕಂಬಳಿ ಬಿಗಿದು ಬಿಗಿದು ಸುತ್ತಿದಳು. ಬೆಚ್ಚಗಾಗಲಿಲ್ಲ.

ಸೂತಕದ ಮನೆಯ ಹೆಪ್ಪನ್ನು ಉಳಿಸಿಕೊಳ್ಳಬಾರದು ಎಂಬುದು ಅವರ ಕಡೆಯ ಕಟ್ಟಳೆ. ಇದ್ದ ಮೊಸರು ಚೆಲ್ಲಿ, ಪಾತ್ರೆ ಬೆಳಗಿ, ಸೂತಕ ಕಳೆದ ಮೇಲೆ ಬೇರೆ ಮನೆಯಿಂದ ಹೊಸ ಹೆಪ್ಪು ಇಸಿದುಕೊಂಡು ಬರಬೇಕು. ಹಾಗೆ ತರಲು ಅವಳು ನಿಲ್ಲಬೇಕಾಗಿದ್ದದ್ದು ಪಕ್ಕದ ಮನೆಯ ಬಾಗಿಲಲ್ಲಿ. ಆ ಮನೆಯಲ್ಲೂ ಅದೇ ವಯಸ್ಸಿನ ಕೂಸೊಂದು ತೊಟ್ಟಿಲಲ್ಲಿತ್ತು. ಖಾಲಿ ಮಡಿಲಿನವಳು ಅಲ್ಲಿ ಹೋಗಿ ಹೇಗೆ ನಿಂತಾಳು? ಮೊಸರು ಚೆಲ್ಲುವ ಮೊದಲು ಒಂದು ಬಟ್ಟೆಯ ತುದಿಯನ್ನು ಅದರಲ್ಲಿ ಅದ್ದಿ, ಸೂರಿನ ಸಂದಿಯಲ್ಲಿ ಒಣಗಲು ಸಿಕ್ಕಿಸಿದಳು. ದೂರದ ತವರಿನಿಂದ ಹೆಪ್ಪು ತರುವ ಹೆಂಗಸರು ಮಾಡುವ ಉಪಾಯ ಅದು. ಸೂತಕ ಕಳೆದ ದಿನ ಆ ಬಟ್ಟೆಯನ್ನು ಹಾಲಿಗೆ ಹಾಕಿದಳು. ಹೆಪ್ಪಾಯಿತು. ಅಂದಿನಿಂದ ಅದೇ ಮೊಸರು ದಿನದಿಂದ ದಿನಕ್ಕೆ ಸಾಗಿತು. ಸಂಜೆ ಹಾಲು ಉಗುರುಬೆಚ್ಚಗಿದೆಯೇ ಎಂದು ಕಿರುಬೆರಳು ಅದ್ದಿ ನೋಡುವಳು, ಅದೇ ಬೆರಳಲ್ಲಿ ಹೆಪ್ಪು ಕದಡುವಳು, ಕೂಸಿನ ಕಂಬಳಿಯ ತುಂಡನ್ನು ಪಾತ್ರೆಗೆ ಸುತ್ತಿ ಒಲೆಯ ಪಕ್ಕ ಇಡುವಳು. ಆ ಮನೆಯಲ್ಲಿ ಮತ್ತೆ ಮಕ್ಕಳಾಗಲಿಲ್ಲ. ಚೆಲ್ಲಬೇಕಾದ್ದನ್ನು ಉಳಿಸಿಕೊಂಡ ತಪ್ಪಿಗೇ ಹೀಗಾಯಿತು ಎಂದು ಅವಳೇ ಒಳಗೊಳಗೆ ನಂಬಿದಳು. ಸಾವಿನ ಮನೆಯ ಹೆಪ್ಪನ್ನು ಮಕ್ಕಳೊಂದಿಗರ ಮನೆಗೆ ಕೊಡುವುದು ಹೇಗೆ? ಅದಕ್ಕೇ ಬೆಕ್ಕಿನ ಸುಳ್ಳು.

ಹೋದ ವರ್ಷಕ್ಕೆ ಹಿಂದಿನ ವರ್ಷ ಮಂಜುಶ್ರೀ ಎಂಬ ಹಾಸನದ ಹುಡುಗಿ ಲೈನಿಗೆ ಬಂದಳು. ಮನೆಮನೆಯ ಮೊಸರಿನಲ್ಲಿ ಯಾವ ಯಾವ ಜೀವಾಣು ಇವೆ ಎಂದು ಹುಡುಕುವುದು ಅವಳ ಸಂಶೋಧನೆ. ಪರೀಕ್ಷೆಗೆ ಒಯ್ಯುವ ಶೀಸೆಯೊಳಗಿನ ಮೊಸರು ಯಾರ ಮನೆಯನ್ನೂ ಸೇರುವುದಿಲ್ಲವಲ್ಲ ಎಂದು ಭೂತಮ್ಮನೂ ಎರಡು ಚಮಚ ಹಾಕಿದಳು, ತೋರಿಸಿದಲ್ಲಿ ಸಹಿ ಮಾಡಿದಳು. ಎಂಟು ತಿಂಗಳ ಮೇಲೆ ಹುಡುಗಿ ಅವಳೊಬ್ಬಳನ್ನೇ ಹುಡುಕಿಕೊಂಡು ಮತ್ತೆ ಬಂದಳು.

“ಅಮ್ಮ, ನಿಮ್ಮ ಮೊಸರಲ್ಲಿ ಒಂದು ಜೀವಾಣು ಸಿಕ್ಕಿದೆ. ಅದು ಹಾಲಿಂದ ಬಂದದ್ದಲ್ಲ, ಹಸುವಿಂದಲೂ ಅಲ್ಲ. ಎದೆಹಾಲು ಕುಡಿಯೋ ಕೂಸಿನ ಹೊಟ್ಟೆಯಲ್ಲಿರೋ ಜಾತಿ ಅದು.”

ಭೂತಮ್ಮನಿಗೆ ಅರ್ಥವಾಗಲಿಲ್ಲ. ಮಂಜುಶ್ರೀ ಬಿಡಿಸಿ ಹೇಳಿದಳು. ಹೊಟ್ಟೆಗೆ ಒಳ್ಳೆಯದೆಂದು ಪೇಟೆಯಲ್ಲಿ ಮಾರುವ ಡಬ್ಬಿಗಳಲ್ಲಿರುವ ಎಷ್ಟೋ ಜೀವಾಣುಗಳು ಮೊದಲು ಸಿಕ್ಕಿದ್ದು ಮನುಷ್ಯರ ಹೊಟ್ಟೆಯಲ್ಲಿ, ಕೆಲವು ಕೂಸುಗಳ ಕಕ್ಕದಲ್ಲಿ. ತಾಯಿ ಕೂಸನ್ನು ತೊಳೆದು, ತನ್ನ ಕೈ ಎಷ್ಟೇ ತೊಳೆದುಕೊಂಡರೂ ಕಣ್ಣಿಗೆ ಕಾಣದ ಒಂದಿಷ್ಟು ಬೆರಳಲ್ಲಿ ಉಳಿದು, ಹೆಪ್ಪು ಕದಡುವಾಗ ಹಾಲಿಗೆ ಸೇರುತ್ತದೆ.

“ಯಾವಾಗಲಾದ್ರೂ ಚಿಕ್ಕ ಕೂಸಿತ್ತಾ ಅಮ್ಮ, ಈ ಮನೇಲಿ? ಖಂಡಿತ ಅದರದ್ದೇ ಅಂತ ಹೇಳೋಕೆ ಆಗಲ್ಲ. ಆದರೆ ಆಗಿರಬಹುದು.”

ಭೂತಮ್ಮ ತನ್ನ ಕಿರುಬೆರಳನ್ನು ನೋಡಿಕೊಂಡಳು. “ಇತ್ತು ಕಣವ್ವ,” ಎಂದಳು.

ಹುಡುಗಿ ಒಳ್ಳೆಯವಳು. ಹೊರಡುವ ಮುಂಚೆ ಒಂದು ಬುದ್ಧಿಮಾತು ಹೇಳಿದಳು: “ನಾಲ್ಕು ಮನೆಗೆ ಹೆಪ್ಪು ಕೊಟ್ಟಿರಿ ಅಮ್ಮ. ನಿಮ್ಮಲ್ಲಿ ಕೆಟ್ಟರೆ ಇನ್ನೊಂದು ಕಡೆಯಾದ್ರೂ ಉಳಿದಿರುತ್ತೆ.”

ಸಂಜೆ ಗಂಡನಿಗೆ ಎಲ್ಲ ಹೇಳಿದಳು. ಗಿಡ್ಡಯ್ಯ ತಟ್ಟೆಯಿಂದ ಕೈ ತೆಗೆದ. “ಆವತ್ತು ಪೂರಾ ಚೆಲ್ಲಿರ್ಲಿಲ್ವಾ ನೀನು?” ಎಂದು ಕೇಳಿದ.

“ಇಲ್ಲ.”

ಅಂದು ಅವನು ಮೊಸರು ಮುಟ್ಟಲಿಲ್ಲ. ಮರುದಿನ ತಾನೇ ಕೇಳಿ ಎರಡು ಸಲ ಹಾಕಿಸಿಕೊಂಡ, ತಟ್ಟೆ ನೆಕ್ಕಿದ. ಕಣ್ಣಲ್ಲಿ ನೀರಿತ್ತು. ಒಲೆಯ ಹೊಗೆ ಎಂದ.

ನಾಲ್ಕು ಮನೆಗೆ ಕೊಡುವುದಿರಲಿ, ಭೂತಮ್ಮನಿಗೆ ಒಂದು ಮನೆಗೂ ಕೊಡಲು ಧೈರ್ಯವಾಗಲಿಲ್ಲ. ಹಬ್ಬ ಕಳೆಯಲಿ ಎಂದಳು, ಕಾಫಿ ಕುಯ್ಲು ಮುಗಿಯಲಿ ಎಂದಳು. ನಮ್ಮ ಜನಕ್ಕೆ ಭಯಪಡಲು ಸಿಗುವಷ್ಟು ಪುರುಸೊತ್ತು ಒಳ್ಳೆಯ ಕೆಲಸಕ್ಕೆ ಎಲ್ಲಿ ಸಿಗುತ್ತದೆ.

ಈ ಫೆಬ್ರವರಿಯಲ್ಲಿ ಮೆಣಸು ಕುಯ್ಯುವಾಗ ಗಿಡ್ಡಯ್ಯ ಎತ್ತುತ್ತಿದ್ದ ಅಲ್ಯೂಮಿನಿಯಂ ಏಣಿ ಕರೆಂಟಿನ ತಂತಿಗೆ ತಾಗಿತು. ಕೆಳಗಿದ್ದವರು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮೂರನೆಯ ದಿನ ನಾದಿನಿ ಸಣ್ಣಮ್ಮ ಸೆರಗು ಕಟ್ಟಿಕೊಂಡು ಮನೆ ತೊಳೆಯಲು ನಿಂತಳು. ಅಣ್ಣನನ್ನು ಕಳೆದುಕೊಂಡ ಹೆಂಗಸು, ಅಳುತ್ತಲೇ ದುಡಿಯುತ್ತಿದ್ದಳು. ಮೂಲೆಯಲ್ಲಿ ಚಾಪೆಯ ಮೇಲೆ ಕೂತ ಭೂತಮ್ಮನಿಗೆ ಒಲೆಯ ಪಕ್ಕದ ಪಾತ್ರೆ ಕಾಣುತ್ತಿತ್ತು. ಸಣ್ಣಮ್ಮ ಕಂಬಳಿ ಬಿಚ್ಚಿ ಅದನ್ನು ಕೈಗೆತ್ತಿಕೊಂಡಳು.

“ಅದು ಬ್ಯಾಡ ಕಣೇ. ಇಟ್ಬುಡು,” ಎಂದಳು ಭೂತಮ್ಮ.

“ಸೂತಕದ ಮೊಸರು ಇಟ್ಕಂತಾರೇನೇ, ಅತ್ತಿಗೆ? ಯಾಕೆ ಇಡ್ಬೇಕು, ಹೇಳು.”

ಹೇಳಬೇಕೆಂದರೆ ಎಲ್ಲ ಹೇಳಬೇಕು. ಇಪ್ಪತ್ತಾರು ವರ್ಷದ ಹಿಂದೆ ಪೂರಾ ಚೆಲ್ಲದೆ ಬಚ್ಚಿಟ್ಟದ್ದನ್ನು ತುಂಬಿದ ಮನೆಯ ಮುಂದೆ ಒಪ್ಪಿಕೊಳ್ಳಬೇಕು. ಅದಕ್ಕೇ ಮಕ್ಕಳಾಗಲಿಲ್ಲ, ಅದಕ್ಕೇ ಗಿಡ್ಡಯ್ಯ ಸತ್ತ ಎಂದು ಹತ್ತು ಬಾಯಿ ಒಟ್ಟಿಗೆ ಅನ್ನುತ್ತವೆ. ಅಂದರೆ ಅನ್ನಲಿ ಎಂದುಕೊಳ್ಳಬಹುದಿತ್ತು. ಆದರೆ ಹನ್ನೊಂದನೆಯ ಬಾಯಿ ಅವಳ ಒಳಗೇ ಇತ್ತು. ಹೌದೇನೋ, ನಾನೇ ಕೊಂದೆನೇನೋ ಎಂದು ಮೂರು ದಿನದಿಂದ ಅದು ಅನ್ನುತ್ತಲೇ ಇತ್ತು. ಭೂತಮ್ಮ ಬಾಯಿ ಮುಚ್ಚಿಕೊಂಡಳು. ಸಣ್ಣಮ್ಮ ಹಿತ್ತಲಿಗೆ ಹೋಗಿ ಬಾಳೆಯ ಬುಡಕ್ಕೆ ಮೊಸರು ಸುರಿದು, ಬೂದಿ ಹಾಕಿ ಪಾತ್ರೆ ತಿಕ್ಕಿದಳು. ಆ ತಿಕ್ಕುವ ಸದ್ದು ಒಳಗೆ ಕೇಳಿಸಿತು. ಆಗ ಭೂತಮ್ಮ ಕೂಗಿ ಅತ್ತಳು. ಗಂಡನಿಗಾಗಿ ಈಗ ಅಳು ಬಂತು, ಅಳಲಿ ಬಿಡಿ ಎಂದು ಹೆಂಗಸರು ಬೆನ್ನು ಸವರಿದರು.

ಹನ್ನೊಂದು ದಿನದ ಸೂತಕ ಕಳೆಯಿತು. ಸಣ್ಣಮ್ಮ ತನ್ನ ಮನೆಯಿಂದ ಹೆಪ್ಪು ತಂದುಕೊಟ್ಟಳು. ಮೊಸರು ಗಟ್ಟಿಯಾಗಿ ಚೆನ್ನಾಗಿಯೇ ಆಯಿತು. ಭೂತಮ್ಮ ಒಂದು ತುತ್ತು ಬಾಯಿಗಿಟ್ಟು ತಟ್ಟೆ ಸರಿಸಿದಳು. ಕೇಳಿದಾಗ ಒಬ್ಬಳಿಗಾದರೂ ಒಂದು ಚಮಚ ಕೊಟ್ಟಿದ್ದರೆ ಇಂದು ಹೋಗಿ ಇಸಿದುಕೊಂಡು ಬರಬಹುದಿತ್ತು. ಲೈನಿನ ಹತ್ತು ಮನೆಯಲ್ಲೂ ಮೊಸರಿತ್ತು, ಅವಳದ್ದು ಮಾತ್ರ ಎಲ್ಲೂ ಇರಲಿಲ್ಲ.

ಆಮೇಲೆ ಮಂಜುಶ್ರೀ ಒಯ್ದ ಶೀಸೆ ನೆನಪಾಯಿತು. ರೈಟರ ಫೋನಿನಿಂದ ಅವಳನ್ನು ಮಾತಾಡಿಸಿದಳು. ಮಂಜುಶ್ರೀ ಮುಂದಿನ ಭಾನುವಾರವೇ ಬಂದಳು, ಬರಿಗೈಯಲ್ಲಿ.

“ಇದೆ ಅಮ್ಮ, ಹಾಳಾಗಿಲ್ಲ. ಆದರೆ ನನ್ನ ಕೈಯಲ್ಲಿಲ್ಲ. ಒಂದು ಕಂಪನಿ ಜೊತೆ ಒಪ್ಪಂದ ಆಗಿದೆ, ಹೊರಗೆ ಯಾರಿಗೂ ಕೊಡೋ ಹಾಗಿಲ್ಲ. ನೀವು ಸಹಿ ಮಾಡಿದ ಕಾಗದದಲ್ಲೇ ಅದು ಇತ್ತು. ನಾನು ಓದಿ ಹೇಳಬೇಕಿತ್ತು, ಹೇಳಲಿಲ್ಲ.” ಹುಡುಗಿ ತಲೆ ತಗ್ಗಿಸಿದಳು.

“ಜೀವ ಐತಾ ಅದಕ್ಕೆ?”

“ಇದೆ. ನಿದ್ದೆ ಮಾಡ್ತಿರೋ ಹಾಗೆ. ಇನ್ನೂ ಎಷ್ಟೋ ವರ್ಷ ಇರುತ್ತೆ.”

“ಎಲ್ಲಿಟ್ಟಿದ್ದೀರಿ?”

“ಫ್ರೀಜರಲ್ಲಿ. ಮೈನಸ್ ಎಂಬತ್ತು ಡಿಗ್ರಿ.”

“ಅಂಗಂದ್ರೆ?”

“ಮಂಜುಗಡ್ಡೆಗಿಂತ ಎಷ್ಟೋ ಪಾಲು ತಣ್ಣಗೆ, ಅಮ್ಮ.”

ಭೂತಮ್ಮ ಎದ್ದು ಒಳಗೆ ಹೋದಳು. ಒಲೆಯ ಪಕ್ಕದಲ್ಲಿದ್ದ ಕಂಬಳಿಯ ತುಂಡನ್ನು ತಂದು, ಕೊಡವಿ, ನಾಲ್ಕು ಮಡಿಕೆ ಮಾಡಿ ಹುಡುಗಿಯ ಮಡಿಲಲ್ಲಿಟ್ಟಳು.

“ಚಳಿ ತಡಿಯಲ್ಲ ಕಣವ್ವ ಅದು,” ಎಂದಳು.