ಮಸಣದ ರಸೀದಿ

ನಮ್ಮ ಕಡೆ ಸಾವಿನ ಸುದ್ದಿಯ ಕಾರ್ಡಿಗೆ ಒಂದು ಮೂಲೆ ಹರಿದಿರುತ್ತದೆ. ಅಂಥದ್ದು ಬಂದರೆ ಹೊಸ್ತಿಲ ಹೊರಗೇ ನಿಂತು ಓದಿ, ಚೂರು ಮಾಡಿ ಗಟಾರಕ್ಕೆ ಹಾಕಿ, ತಲೆಗೆ ನೀರು ಹೊಯ್ದುಕೊಂಡೇ ಒಳಗೆ ಬರಬೇಕು. ಮುಂಬೈ ಹತ್ತಿರದ ಠಾಕುರ್ಲಿಯ ಚಾಳಿಗೆ ಬಂದ ಮೇಲೂ ನನ್ನ ಅತ್ತೆ ಇದನ್ನು ಬಿಡಲಿಲ್ಲ. ಹದಿನಾಲ್ಕು ಮನೆಗೆ ಒಂದೇ ನಲ್ಲಿ, ಆದರೂ ಸ್ನಾನ ಆಗಲೇಬೇಕು.

ನನ್ನ ಮೊದಲ ಮಗು ಹೆಣ್ಣು. ಎಪ್ಪತ್ತರ ದಶಕದ ಮೊದಲ ವರ್ಷಗಳು. ಹೆರಿಗೆಯ ಬೆನ್ನಿಗೇ ಜ್ವರ ಏರಿ ನಾನು ಆಸ್ಪತ್ರೆಯಲ್ಲಿ ಎಚ್ಚರ ತಪ್ಪಿ ಮಲಗಿದ್ದೆ. ಎಷ್ಟು ದಿನ ಎಂದು ಈಗಲೂ ಸರಿಯಾಗಿ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಅತ್ತೆ ಹೇಳಿದರು, ಹುಟ್ಟಿದ ದಿನವೇ ಹೋಯಿತು, ಹುಗಿದು ಬಂದಾಯಿತು, ಇನ್ನು ಆ ಮಾತು ಬೇಡ. ಪಕ್ಕದ ಕಲ್ಯಾಣದ ಮಸಣದಲ್ಲಿ ಕೊಟ್ಟ ರಸೀದಿಯನ್ನು ಅವರು ನನ್ನ ಗಂಡನ ಜೇಬಿನಿಂದ ತೆಗೆದು ನೀರೊಲೆಗೆ ಹಾಕಿದ್ದರು. ಯಾವ ಜಾಗ ಎಂದು ಗಂಡನನ್ನು ಕೇಳಿದರೆ ನೆನಪಿಲ್ಲ ಅನ್ನುತ್ತಿದ್ದರು. ನನಗೆ ಬೇಕಾದದ್ದು ಅದೊಂದೇ, ಎಲ್ಲಿ ಮಲಗಿಸಿದರು ಎಂಬುದು. ವರ್ಷಕ್ಕೊಮ್ಮೆ ಹೋಗಿ ಒಂದು ಲೋಟ ಹಾಲು ಎರೆದು ಬಂದರೆ ಸಾಕಿತ್ತು.

ಅತ್ತೆ ತೀರಿಕೊಂಡ ಮೇಲೆ ನಾನು ಸಾವಿನ ಕಾಗದ ಹರಿಯುವುದನ್ನು ನಿಲ್ಲಿಸಿದೆ. ಕಲಬುರಗಿ, ರಾಯಚೂರಿನಿಂದ ಕಟ್ಟಡದ ಕೆಲಸಕ್ಕೆ ಬಂದ ಹೆಂಗಸರು ಊರಿನ ಕಾರ್ಡುಗಳನ್ನು ನನ್ನ ಹತ್ತಿರ ಓದಿಸುತ್ತಿದ್ದರು. ಓದಿ, ಅವರ ಜೊತೆ ನಾಲ್ಕು ಹನಿ ಅತ್ತು, ನೀವೇ ಹರಿದುಬಿಡಿ ಎಂದು ಹೇಳಿ ಅವರು ಹೋದ ಮೇಲೆ, ಹೊರಗಿನ ಗ್ಯಾಲರಿಯಲ್ಲಿಟ್ಟ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದೆ. ಉತ್ತರಕ್ರಿಯೆಯ ಕಾಗದ, ಯಾರದೋ ಕಪ್ಪು ಅಂಚಿನ ಕಾರ್ಡು ಎಲ್ಲ ಅದರಲ್ಲೇ. ದೇವರ ಮನೆಗೆ ದೂರ ಇಟ್ಟಿದ್ದೇನೆ, ತಪ್ಪಿದ್ದರೆ ನನ್ನೊಬ್ಬಳ ಮೇಲಿರಲಿ ಎಂದು ದೇವರಿಗೂ ಹೇಳಿಟ್ಟಿದ್ದೆ.

ಒಂದು ದಿನ, ಡಬ್ಬಿಯ ಸಂಗತಿ ಗೊತ್ತಿದ್ದ ಕಲಬುರಗಿಯವಳೊಬ್ಬಳು ಕಲ್ಯಾಣ ಸ್ಟೇಷನ್ನಿನಲ್ಲಿ ಕೊಂಡ ಶೇಂಗಾದ ಪೊಟ್ಟಣದ ಕಾಗದ ಬಿಡಿಸಿ ನನ್ನ ಕೈಗಿಟ್ಟಳು. "ಅಕ್ಕಾರ, ನಿಮ್ಮ ಡಬ್ಬಿಗೊಂದು ತಂದೀನ್ರಿ. ಶೇಂಗಾ ನಾ ತಿಂದೆ, ಹೆಣ ನಿಮಗ."

ನೋಡಿದರೆ ಅದು ಮಸಣದ ರಸೀದಿ ಪುಸ್ತಕದ ಹಾಳೆ. ರಸೀದಿ ಹರಿದುಕೊಟ್ಟ ಮೇಲೆ ಪುಸ್ತಕದಲ್ಲೇ ಉಳಿಯುವ ಅರ್ಧ. ಹಳೆಯ ಪುಸ್ತಕಗಳನ್ನು ಯಾರೋ ರದ್ದಿಗೆ ಹಾಕಿದ್ದರು.

ಮರುದಿನವೇ ಕಲ್ಯಾಣದಲ್ಲಿ ಶೇಂಗಾ ಮಾರುವವನನ್ನು ಕೇಳಿ ಆ ರದ್ದಿ ಅಂಗಡಿ ಹುಡುಕಿದೆ. ಅಂಗಡಿಯ ಮುದುಕ ನನ್ನನ್ನು ಮೇಲಿಂದ ಕೆಳಗೆ ನೋಡಿ, ಹೆಣದ ಕಾಗದ ಕೊಳ್ಳುವವರಿದ್ದಾರೆ, ಮುಂಬೈಯಿಂದ ಒಬ್ಬರು ಬಂದು ಹಳೆಯ ಸ್ಟಾಂಪು, ಚಂದದ ಮೊಹರು ಇದ್ದದ್ದನ್ನು ಆರಿಸಿ ಒಯ್ಯುತ್ತಾರೆ, ನಿಮಗೆ ಯಾವುದು ಬೇಕು ಎಂದು ಹಿಂದಿಯಲ್ಲಿ ಕೇಳಿದ. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವನು ರಸೀದಿ ಪುಸ್ತಕಗಳ ಗಂಟನ್ನು ಎಳೆದು ನನ್ನ ಮುಂದಿಟ್ಟು ಅಂದ, "ಭಾಬೀ, ಓದುತ್ತಾ ಕೂತರೆ ವರ್ಷ ಹಿಡಿಯುತ್ತದೆ. ಮೊದಲು ಮುಟ್ಟಿ ನೋಡಿ."

ಅವನೇ ಕಲಿಸಿದ. ದಪ್ಪ, ಒರಟು ಹಾಳೆಯವು ಹಳೆಯವು. ನನ್ನ ಮಗುವಿನ ಕಾಲದವು ತೆಳ್ಳಗೆ, ಬೆಳಕಿಗೆ ಹಿಡಿದರೆ ಹಿಂದಿನ ಬೆರಳು ಕಾಣುತ್ತಿತ್ತು. ಹಾಗೆ ಮುಟ್ಟಿ ಮುಟ್ಟಿ ಗಂಟು ಬೇರೆ ಮಾಡಿದೆವು. ಒಂದು ಗುರುತು ನನಗೂ ಗೊತ್ತಿತ್ತು. ಹೆಣ ತಂದವರು ಕೆಳಗೆ ಸಹಿ ಮಾಡಬೇಕು. ಎಲ್ಲ ಮರಾಠಿ ಸಹಿ, ಇಲ್ಲವೇ ಹೆಬ್ಬೆಟ್ಟು. ಹೋಟೆಲಿನ ಗಲ್ಲಾದಲ್ಲಿ ಕೂರುವ ನನ್ನ ಗಂಡ ಮಾತ್ರ ಇವತ್ತಿಗೂ ಸಹಿ ಮಾಡುವುದು ಕನ್ನಡದಲ್ಲಿ.

ಮೂರನೆಯ ಮಧ್ಯಾಹ್ನ ಸಿಕ್ಕಿತು. ಮರಾಠಿ ಅಕ್ಷರಗಳ ಕೆಳಗೆ ನಮ್ಮ ದುಂಡು ಅಕ್ಷರದಲ್ಲಿ ಅವರ ಸಹಿ. ಹೆಣ್ಣು. ಕೊನೆಯ ಸಾಲು, ಗೋಡೆಯ ಕಡೆ. ವಯಸ್ಸು ಹನ್ನೊಂದು ದಿನ.

ನಾನು ಆ ಅಂಕಿಯನ್ನು ಮುದುಕನಿಗೆ ತೋರಿಸಿ ಓದಲು ಹೇಳಿದೆ. ಅವನೂ ಹನ್ನೊಂದೇ ಅಂದ. ನೀರು ತರಿಸಿಕೊಟ್ಟ.

ಗಂಡನ ರಜೆಯ ದಿನ, ಬೆಳಗಿನ ಚಹಾ ಆದ ಮೇಲೆ, ಹಾಳೆ ಅವರ ಮುಂದಿಟ್ಟೆ. ಅವರು ಅದನ್ನು ಮುಟ್ಟಲಿಲ್ಲ.

"ನೀನು ಉಳಿಯುವುದಿಲ್ಲ ಅಂತ ಡಾಕ್ಟರು ಹೇಳಿದ್ದರು. ಅಮ್ಮ ಮಗುವನ್ನು ಮನೆಗೆ ತಂದಳು. ನಿನಗೆ ಪ್ರಜ್ಞೆ ಬರುವ ಹಿಂದಿನ ದಿನ ಹೋಯಿತು."

"ಏನು ಕುಡಿಸಿದಿರಿ?"

"ಆಡಿನ ಹಾಲು. ಅಮ್ಮ ಹತ್ತಿಯಲ್ಲಿ ಅದ್ದಿ ಹಿಂಡುತ್ತಿದ್ದಳು."

"ಅಳುತ್ತಿತ್ತಾ?"

ಚಹಾದ ಖಾಲಿ ಲೋಟವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, "ಹಗಲಿಡೀ. ಆಮೇಲಾಮೇಲೆ ಇಲ್ಲ," ಅಂದರು.

ಒಂದು ದಿನ ಬದುಕಿದ್ದ ಮಗುವಿಗಾಗಿ ನಾನು ಅಷ್ಟು ವರ್ಷ ಅತ್ತಿದ್ದೆ. ಹನ್ನೊಂದು ದಿನ ಎದೆಹಾಲಿಗೆ ಅತ್ತ ಮಗುವಿನ ಸುದ್ದಿ ನನಗೆ ಗೊತ್ತೇ ಇರಲಿಲ್ಲ. ಅತ್ತೆಯ ಮೇಲೆ ಸಿಟ್ಟು ಬಂತು. ಹತ್ತಿ ಹಿಂಡುತ್ತಾ ಕೂತ ಅವರ ಕೈ ಕಣ್ಣ ಮುಂದೆ ಬಂದು ಆ ಸಿಟ್ಟೂ ಪೂರ್ತಿ ನಿಲ್ಲಲಿಲ್ಲ. ಯಾರೋ ಎತ್ತಿಕೊಂಡಿದ್ದರಲ್ಲ, ದೇವರು ಅಷ್ಟಾದರೂ ನಡೆಸಿಕೊಟ್ಟ.

ಮುಂದಿನ ವಾರ ಇಬ್ಬರೂ ಕಲ್ಯಾಣಕ್ಕೆ ಹೋದೆವು. ಗೋಡೆಯ ಕಡೆಯ ಸಾಲಿನಲ್ಲಿ ಅದೆಷ್ಟೋ ಸಲ ಅಗೆದು ಮುಚ್ಚಿದ ಮಣ್ಣು. ಇಲ್ಲೇ ಇರಬೇಕು ಎಂದು ಅವರು ಒಂದು ಕಡೆ ತೋರಿಸಿದರು, ಮತ್ತೆ ಇನ್ನೊಂದು ಕಡೆ ತೋರಿಸಿದರು. ನಾನು ಆ ತುದಿಯಿಂದ ಈ ತುದಿಯವರೆಗೆ ನಡೆಯುತ್ತಾ, ಹಾಲು ಮುಗಿಯುವ ತನಕ ಸಣ್ಣಗೆ ಎರೆದೆ.